ಅಂಚಿನ ಮೂರು ಮಿಲಿಮೀಟರ್: ಶಾಲೆಯೊಂದರಲ್ಲಿ ದೂರದರ್ಶಕ ತಯಾರಾದ ಪ್ರಕರಣ

ಸಾಗರ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ 2024ರ ಜೂನ್‌ನಿಂದ 2025ರ ಜನವರಿಯವರೆಗೆ ಒಂಬತ್ತನೇ ತರಗತಿಯ ಎಂಟು ಮಕ್ಕಳು ತಮ್ಮ ಕೈಯಿಂದಲೇ ಗಾಜು ಉಜ್ಜಿ, 150 ಮಿ.ಮೀ. ವ್ಯಾಸದ ಕನ್ನಡಿಯುಳ್ಳ ನ್ಯೂಟನ್ ಮಾದರಿಯ ದೂರದರ್ಶಕವೊಂದನ್ನು ತಯಾರಿಸಿದರು. ಅವರ ವಿಜ್ಞಾನ ಶಿಕ್ಷಕನಾಗಿ ಜೊತೆಗಿದ್ದ ನಾನು ಆಗಾಗ ಬರೆದಿಟ್ಟ ಟಿಪ್ಪಣಿಗಳನ್ನೂ ಮಕ್ಕಳೇ ಇಟ್ಟ ಒಂದು ನೂರು ಪುಟದ ನೋಟ್‌ಬುಕ್ಕನ್ನೂ ಆಧರಿಸಿ ಈ ಬರಹವನ್ನು ಸಿದ್ಧಪಡಿಸಿದ್ದೇನೆ. ದೂರದರ್ಶಕ ಮಾಡುವ ಕೈಪಿಡಿಯಾಗಿ ಇದನ್ನು ಬರೆದಿಲ್ಲ. ಕೈಕೆಲಸವೊಂದು ಮೊದಲಿನಿಂದ ಕೊನೆಯವರೆಗೆ ಸಾಗುವಾಗ, ಒಂದು ಹಂತ ಮುಗಿಯಿತೆಂದು ಯಾವ ಆಧಾರದ ಮೇಲೆ ತೀರ್ಮಾನಿಸುತ್ತೇವೆ, ಆ ತೀರ್ಮಾನ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಈ ಒಂದು ಪ್ರಕರಣದ ಮಟ್ಟಿಗೆ ನೋಡುವುದು ಇಲ್ಲಿಯ ಉದ್ದೇಶ. ನಮ್ಮಲ್ಲಿ ಆ ತೀರ್ಮಾನ ಒಮ್ಮೆ ಗಣೇಶನ ಹಬ್ಬದ ರಜೆಯ ಲೆಕ್ಕದಲ್ಲಿ ಆಯಿತು. ಅದಕ್ಕೆ ನಾವು ಸುಮಾರು ಏಳು ವಾರ ತೆತ್ತೆವು.

ಹಿನ್ನೆಲೆ ಮತ್ತು ಮೊದಲ ನಿರ್ಧಾರಗಳು

ನಿಮ್ನ ದರ್ಪಣದ ಪಾಠವನ್ನು ನಾನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆಯೇ ಮಾಡಿದ್ದೇನೆ. ಕಿರಣಗಳು ಬಂದು ಒಂದು ಬಿಂದುವಿನಲ್ಲಿ ಕೂಡುವ ಚಿತ್ರವನ್ನು ಮಕ್ಕಳು ಅಂದವಾಗಿ ಬರೆದು ಅಂಕ ಪಡೆಯುತ್ತಾರೆ, ಆದರೆ ಆ ದರ್ಪಣದ ತಗ್ಗು ಎಷ್ಟು ಆಳ ಇರಬಹುದೆಂದು ಕೇಳಿದರೆ ಬೊಗಸೆಯ ಆಕಾರ ತೋರಿಸುತ್ತಾರೆ. ಇದು ಅವರ ತಪ್ಪಲ್ಲ, ಪುಸ್ತಕದ ಚಿತ್ರವೂ ಹಾಗೆಯೇ ಇರುತ್ತದೆ. ನಿಜದಲ್ಲಿ 150 ಮಿ.ಮೀ. ವ್ಯಾಸದ, 1,200 ಮಿ.ಮೀ. ಸಂಗಮದೂರದ ಕನ್ನಡಿಯ ನಡುವಿನ ತಗ್ಗು 1.17 ಮಿ.ಮೀ. ಮಾತ್ರ. ಕನ್ನಡಿಯ ತ್ರಿಜ್ಯವಾದ 75ರ ವರ್ಗವನ್ನು, ವಕ್ರತಾ ತ್ರಿಜ್ಯವಾದ (ಅಂದರೆ ಕನ್ನಡಿ ಯಾವ ಗೋಳದ ತುಣುಕೋ ಆ ಗೋಳದ ತ್ರಿಜ್ಯ, ಸಂಗಮದೂರದ ಎರಡರಷ್ಟು) 2,400ರ ಎರಡರಷ್ಟರಿಂದ ಭಾಗಿಸಿದರೆ ಬರುವ ಈ ಸಂಖ್ಯೆಯನ್ನು ಮಕ್ಕಳು ಮೂರು ಸಲ ಲೆಕ್ಕ ಮಾಡಿ ನೋಡಿದರು, ಏಕೆಂದರೆ ಇಷ್ಟು ಕಡಿಮೆ ತಗ್ಗಿಗಾಗಿ ತಿಂಗಳುಗಟ್ಟಲೆ ಉಜ್ಜಬೇಕೆಂಬುದು ಅವರಿಗೆ ನಂಬಲಾಗದ ಮಾತಾಗಿತ್ತು.

ಈ ಅಳತೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಎರಡು ಗಾಜುಗಳನ್ನು ಒಂದರ ಮೇಲೊಂದು ಇಟ್ಟು ಉಜ್ಜುತ್ತ ಹೋದರೆ ತಾನಾಗಿಯೇ ಬರುವ ಆಕಾರ ಗೋಳದ ತುಣುಕು. ಆದರೆ ದೂರದ ನಕ್ಷತ್ರದ ಬೆಳಕನ್ನು ಒಂದೇ ಬಿಂದುವಿಗೆ ತರಬೇಕಾದರೆ ಬೇಕಾದದ್ದು ಪರವಲಯ (ಪ್ಯಾರಬೋಲ), ಅಂದರೆ ನಡುವಿನಿಂದ ಅಂಚಿನ ಕಡೆಗೆ ಬಾಗು ತುಸು ಕಡಿಮೆಯಾಗುತ್ತ ಹೋಗುವ ಆಕಾರ. ಸಂಗಮದೂರ ಕಡಿಮೆಯಾದಷ್ಟೂ ಗೋಳಕ್ಕೂ ಪರವಲಯಕ್ಕೂ ಅಂತರ ಹೆಚ್ಚುತ್ತದೆ, ಸರಿಪಡಿಸುವುದು ಕಷ್ಟವಾಗುತ್ತದೆ. ಸಂಗಮದೂರ ವ್ಯಾಸದ ಎಂಟರಷ್ಟಿರುವ 150 ಮಿ.ಮೀ. ಕನ್ನಡಿಯಲ್ಲಿ ಈ ಅಂತರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಒಳ್ಳೆಯ ಕನ್ನಡಿಗೆ ಹಾಕಿಕೊಳ್ಳುವ ದೋಷದ ಮಿತಿಯ ಅಂಚಿನಲ್ಲಿಯೇ ಅದು ಬಂದು ನಿಲ್ಲುತ್ತದೆ. ಅಂದರೆ ಕೊನೆಯ ಹಂತದಲ್ಲಿ ಮಕ್ಕಳ ಕೈ ಸೋತರೂ ಕನ್ನಡಿ ಕೆಲಸಕ್ಕೆ ಬಾರದೆ ಹೋಗುವುದಿಲ್ಲ. ಮೊದಲ ಸಲ ಮಾಡುವವರು ದೊಡ್ಡ ಕನ್ನಡಿಯ ಆಸೆಗೆ ಬೀಳಬಾರದೆಂದು ಅನುಭವಿಗಳು ಹೇಳುವುದು ಈ ಕಾರಣಕ್ಕೆ. ಇಬ್ಬರು ಹುಡುಗರು ಎಂಟು ಇಂಚು ಬೇಕೇ ಬೇಕೆಂದು ಹಟ ಹಿಡಿದಿದ್ದರು. ಗಾಜಿನ ಬೆಲೆ ಕೇಳಿದ ಮೇಲೆ ಸುಮ್ಮನಾದರು.

ಕಾಲದ ಆಯ್ಕೆಯೂ ಹೀಗೆಯೇ ಯೋಚಿಸಿ ಮಾಡಿದ್ದು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಕಾಣುವುದೇ ಅಪರೂಪ, ಆಟದ ಮೈದಾನವೂ ಕೆಸರು. ಸಂಜೆ ಒಂದು ಗಂಟೆ ಒಳಗೇ ಕೂತು ಮಾಡುವ ಕೆಲಸಕ್ಕೆ ಮಳೆಗಾಲ ಹೇಳಿಮಾಡಿಸಿದಂತಿದೆ. ಡಿಸೆಂಬರ್ ಹೊತ್ತಿಗೆ ಕನ್ನಡಿ ಸಿದ್ಧವಾದರೆ ಆಗ ಗುರು ಗ್ರಹ ರೋಹಿಣಿಯ ಹತ್ತಿರ ಇಡೀ ರಾತ್ರಿ ಕಾಣುತ್ತಿರುತ್ತದೆ ಎಂಬುದನ್ನು ಪಂಚಾಂಗ ನೋಡಿ ಮೊದಲೇ ಗುರುತು ಹಾಕಿಕೊಂಡಿದ್ದೆವು.

ಉಜ್ಜುವ ಕೆಲಸ

ನೀರು ಮತ್ತು ಕಲ್ಲು ತುಂಬಿ ಅಲುಗಾಡದಂತೆ ಮಾಡಿದ ಹಳೆಯ ಎಣ್ಣೆಯ ಪೀಪಾಯಿಯೊಂದನ್ನು ಪ್ರಯೋಗಾಲಯದ ನಡುವೆ ನಿಲ್ಲಿಸಿ, ಅದರ ಮೇಲೆ ಹಲಗೆ ಹಾಕಿ, ಮೂರು ಮರದ ತುಣುಕುಗಳ ನಡುವೆ ಒಂದು ಗಾಜನ್ನು ಕೂರಿಸಿದೆವು. ಮಕ್ಕಳು ಇದಕ್ಕೆ ಅಡಿಗಾಜು ಎಂದೂ, ಕೈಯಲ್ಲಿ ಹಿಡಿದು ಉಜ್ಜುವ, ಮುಂದೆ ಕನ್ನಡಿಯಾಗಲಿರುವ ಗಾಜಿಗೆ ಮೇಲ್ಗಾಜು ಎಂದೂ ಹೆಸರಿಟ್ಟರು. ಬೀಸುಕಲ್ಲು ನೋಡಿದ ಮನೆಗಳಿಂದ ಬಂದವರಿಗೆ ಬೇರೆ ಹೆಸರು ಹುಡುಕಬೇಕಾಗಲಿಲ್ಲ. ಎರಡರ ನಡುವೆ ಒಂದು ಚಮಚ ಕಾರ್ಬೊರಂಡಮ್ ಪುಡಿ ಮತ್ತು ಸ್ವಲ್ಪ ನೀರು ಹಾಕಿ, ಮೇಲ್ಗಾಜನ್ನು ಹಿಂದೆ ಮುಂದೆ ತಳ್ಳುತ್ತ, ಕೈಯಲ್ಲೇ ಅದನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ, ಜೊತೆಗೆ ತಾವೂ ಪೀಪಾಯಿಯ ಸುತ್ತ ಹೆಜ್ಜೆ ಹಾಕುತ್ತ ಹೋಗಬೇಕು. ಮೇಲ್ಗಾಜು ಅಂಚು ದಾಟಿ ಚಾಚಿದಾಗ ಒತ್ತಡವೆಲ್ಲ ಅದರ ನಡುಭಾಗದ ಮೇಲೂ ಅಡಿಗಾಜಿನ ಅಂಚಿನ ಮೇಲೂ ಬೀಳುವುದರಿಂದ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಮೂರು ಚಲನೆಗಳೂ ಸೇರಿ ಯಾವ ದಿಕ್ಕಿಗೂ ಪಕ್ಷಪಾತವಾಗದಂತೆ ನೋಡಿಕೊಳ್ಳುತ್ತವೆ. ಎಂಟು ಜನ ಸರದಿಯ ಮೇಲೆ ಉಜ್ಜಿದ್ದು ಕೂಡ ನಮಗೆ ಅನುಕೂಲವೇ ಆಯಿತು, ಒಬ್ಬನ ಕೈಯ ಸೊಟ್ಟ ಇನ್ನೊಬ್ಬನ ಕೈಯಲ್ಲಿ ಅಳಿಸಿಹೋಗುತ್ತಿತ್ತು.

ಪುಡಿ ಹಾಕಿದ ಕೂಡಲೇ ಹೊರಡುವ ಕರಕರ ಸದ್ದು ನಾಲ್ಕೈದು ನಿಮಿಷದಲ್ಲಿ ಮೆತ್ತಗಾಗಿ, ಕೊನೆಗೆ ಪಿಸುಮಾತಿನಂತಾಗುತ್ತದೆ. ಕಾಳುಗಳು ಒಡೆದು ನುಣ್ಣಗಾಗಿ ಕಡಿಯುವ ಶಕ್ತಿ ಕಳೆದುಕೊಂಡಿವೆ ಎಂಬುದರ ಸೂಚನೆ ಅದು. ಗುಂಪಿನಲ್ಲಿದ್ದ ಒಬ್ಬ ಹುಡುಗಿಯ ತಂದೆ ಹಿಟ್ಟಿನ ಗಿರಣಿ ನಡೆಸುತ್ತಾರೆ. ಕಲ್ಲಿನ ಸದ್ದು ಕೇಳಿಯೇ ಹಿಟ್ಟು ತರಿಯೋ ನುಣುಪೋ ಎಂದು ಹೇಳುವ ಮನೆಯಲ್ಲಿ ಬೆಳೆದ ಅವಳು, ಎರಡನೆಯ ಸಂಜೆಯೇ ದೂರದ ಬೆಂಚಿನಲ್ಲಿ ಕೂತು ಲೆಕ್ಕ ಮಾಡುತ್ತಿದ್ದವಳು ತಲೆಯೆತ್ತದೆ, "ಪುಡಿ ಸತ್ತೋಯ್ತು, ತೊಳೀರಿ" ಎಂದಳು. ಅಂದಿನಿಂದ ನಮ್ಮ ಗುಂಪಿನಲ್ಲಿ ಇದೇ ಪರಿಭಾಷೆಯಾಯಿತು. ನೋಟ್‌ಬುಕ್ಕಿನಲ್ಲಿಯೂ ಒಂದು ದಿನದ ಕೆಲಸವನ್ನು ನಿಮಿಷದಲ್ಲಿ ಬರೆಯದೆ, ಎಷ್ಟು ಸಲ ಪುಡಿ ಸತ್ತಿತು ಎಂದು ಗೆರೆ ಎಳೆದು ಲೆಕ್ಕ ಇಟ್ಟಿದ್ದಾರೆ.

ದಪ್ಪ ಪುಡಿಯಾದ 80ನೇ ನಂಬರಿನ ಕೆಲಸ ಜುಲೈ ಇಡೀ ನಡೆಯಿತು. ಮಳೆಯಿಂದಾಗಿ ಶಾಲೆಗೆ ರಜೆ ಘೋಷಿಸಿದ ದಿನಗಳೇ ಆ ತಿಂಗಳು ಬಹಳವಿದ್ದವು. ತಗ್ಗು ಎಷ್ಟಾಯಿತೆಂದು ತಿಳಿಯಲು ಬೈಕ್ ಮೆಕ್ಯಾನಿಕ್ ಒಬ್ಬರಿಂದ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಎಲೆಗಳ ಕಟ್ಟು) ತಂದು, ಗಾಜಿನ ಅಡ್ಡಕ್ಕೆ ಉಕ್ಕಿನ ಸ್ಕೇಲ್ ಇಟ್ಟು, ನಡುವಿನ ಸಂದಿಗೆ ಎಷ್ಟು ಎಲೆ ಹೋಗುತ್ತದೆಂದು ನೋಡುತ್ತಿದ್ದೆವು. ಸಾಮಾನ್ಯವಾಗಿ ಇನ್ನೊಂದು ಪರೀಕ್ಷೆಯೂ ಇದೆ: ಒದ್ದೆ ಮಾಡಿದ ಗಾಜಿನಿಂದ ಸೂರ್ಯನ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ಸಂಗಮದೂರ ಅಳೆಯುವುದು. ಆದರೆ ಜುಲೈ ತಿಂಗಳ ಮಲೆನಾಡಿನಲ್ಲಿ ಸೂರ್ಯನನ್ನು ಎಲ್ಲಿಂದ ತರುವುದು? ಕೊನೆಗೆ ಕತ್ತಲ ಕೋಣೆಯಲ್ಲಿ ಟಾರ್ಚನ್ನು ಕಣ್ಣಿನ ಪಕ್ಕಕ್ಕೆ ಹಿಡಿದು, ಒದ್ದೆ ಗಾಜಿನಲ್ಲಿ ಅದರ ಪ್ರತಿಬಿಂಬ ಹಿಗ್ಗಿ ಇಡೀ ಗಾಜನ್ನು ತುಂಬುವ ಜಾಗದವರೆಗೆ ಹಿಂದೆ ಹಿಂದೆ ನಡೆದು, ಆ ದೂರವನ್ನೇ ವಕ್ರತಾ ತ್ರಿಜ್ಯವೆಂದು ಹಿಡಿದೆವು.

ಬೇಕಾದ ತಗ್ಗು ಬಂದ ಮೇಲೆ ಉಳಿದ ಪುಡಿಗಳ ಕೆಲಸ ಬೇರೆಯೇ ಬಗೆಯದು. ನಂಬರ್ ಹೆಚ್ಚಿದಷ್ಟೂ ನುಣುಪಾಗುವ 120, 220, 320, 500, ಆಮೇಲೆ 12 ಮತ್ತು 5 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಅಲ್ಯೂಮಿನಿಯಂ ಆಕ್ಸೈಡ್ ಎಂದು ಹೋಗುವ ಈ ಸಾಲಿನಲ್ಲಿ ಆಕಾರ ಬದಲಾಗುವುದಿಲ್ಲ. ಪ್ರತಿಯೊಂದು ಪುಡಿಯೂ ಹಿಂದಿನ ಪುಡಿ ಮಾಡಿದ ಗುಳಿಗಳನ್ನು ಅಳಿಸಿ ತನ್ನದೇ ಇನ್ನೂ ಸಣ್ಣ ಗುಳಿಗಳನ್ನು ಬಿಟ್ಟುಹೋಗುತ್ತದೆ, ಅಷ್ಟೇ. ಕಣ್ಣಿಗೆ ಕಾಣುವ ಪ್ರಗತಿ ಇಲ್ಲದ ಈ ವಾರಗಳಲ್ಲಿಯೇ ಮಕ್ಕಳ ಉತ್ಸಾಹ ಇಳಿಯಿತು. ಮೊದಲ ತಿಂಗಳು ಎಂಟೂ ಜನ ಬರುತ್ತಿದ್ದ ಸಂಜೆಗೆ ಆಗಸ್ಟ್‌ನಲ್ಲಿ ನಾಲ್ಕೈದು ಜನ ಬಂದರೆ ಹೆಚ್ಚು. ಶುಚಿತ್ವದ ಕಿರಿಕಿರಿ ಬೇರೆ. ದಪ್ಪ ಪುಡಿಯ ಒಂದೇ ಒಂದು ಕಾಳು ನುಣುಪು ಪುಡಿಯ ಹಂತಕ್ಕೆ ಬಂದು ಸೇರಿದರೆ ಅಡ್ಡಲಾಗಿ ಗೀರು ಬೀಳುವುದರಿಂದ, ಪುಡಿ ಬದಲಿಸಿದಾಗಲೆಲ್ಲ ಹಲಗೆ, ಬಕೆಟ್, ಉಗುರು, ಅಂಗಿಯ ತೋಳಿನ ಮಡಿಕೆ ಎಲ್ಲವನ್ನೂ ತೊಳೆಯಬೇಕಿತ್ತು. ಬಿಸಿಯೂಟದ ಅಕ್ಕನ ಬಕೆಟನ್ನು ಕೇಳದೆ ತಂದು ಕಾರ್ಬೊರಂಡಮ್ ತೊಳೆದ ದಿನ ಅವರು ಕೊಟ್ಟ ಬೈಗುಳ ಪೂರ್ತಿಯಾಗಿ ನನಗೇ ಸಲ್ಲಬೇಕಾದದ್ದು.

ತಪ್ಪು ಆದದ್ದು ಎಲ್ಲಿ

ಒಂದು ಪುಡಿಯ ಕೆಲಸ ಮುಗಿಯಿತೆಂದು ತಿಳಿಯುವ ಕ್ರಮವನ್ನು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಗಾಜನ್ನು ತೊಳೆದು ಒರೆಸಿ, ದೀಪದ ಎದುರು ಓರೆಯಾಗಿ ಹಿಡಿದು, ಭೂತಗನ್ನಡಿಯಲ್ಲಿ ನಡು, ನಡುವಿಗೂ ಅಂಚಿಗೂ ಮಧ್ಯದ ಜಾಗ, ಅಂಚು ಎಂದು ಮೂರು ಕಡೆ ನೋಡಬೇಕು. ಗುಳಿಗಳೆಲ್ಲ ಒಂದೇ ಗಾತ್ರದವಾಗಿದ್ದು, ಅವುಗಳ ನಡುವೆ ದೊಡ್ಡ ಗುಳಿ ಒಂದೂ ಇರಬಾರದು. ಸೆಪ್ಟೆಂಬರ್ ಮೊದಲ ವಾರ 220ನೇ ನಂಬರಿನ ಕೆಲಸ ನಡೆಯುತ್ತಿತ್ತು. ಶನಿವಾರ ಗಣೇಶನ ಹಬ್ಬ. ಗುರುವಾರದ ಪರೀಕ್ಷೆಯಲ್ಲಿ ನಡುಭಾಗ ಶುದ್ಧವಾಗಿತ್ತು. ಅಂಚಿನಲ್ಲಿ ಏನೋ ಇದೆಯೆಂದು ಗಿರಣಿ ಮನೆಯ ಹುಡುಗಿ ಹೇಳಿದಳು, ನಾನು ನೋಡಿ ಧೂಳಿರಬೇಕು ಎಂದೆ. ಹಬ್ಬಕ್ಕೆ ಮುಂಚೆ ಒಂದು ಹಂತ ಮುಗಿಸಿಬಿಟ್ಟರೆ ಸೋಮವಾರ ಹೊಸ ಪುಡಿಯೊಂದಿಗೆ ಹೊಸ ಹುರುಪಿನಲ್ಲಿ ಶುರು ಮಾಡಬಹುದೆಂಬ ಆಸೆ ನನಗಿತ್ತು, ಮಕ್ಕಳಿಗೂ ಇತ್ತು. ನೋಟ್‌ಬುಕ್ಕಿನ ಆ ದಿನದ ಪುಟದಲ್ಲಿ "220 ಮುಗಿಯಿತು" ಎಂದು ಬರೆದು ಅಡಿಗೆರೆ ಎಳೆದಿದೆ. ಅಂಚಿನ ಮಾತು ಅಲ್ಲಿ ಇಲ್ಲ.

ಮುಂದಿನ ಮೂರು ವಾರ ಎಲ್ಲವೂ ಸರಾಗವಾಗಿ ನಡೆಯಿತು, ಅದೇ ಮೋಸ. 320, 500, 12, 5 ಎಂದು ದಾಟಿ, ಗಾಜು ಹಾಲುಬಿಳುಪಾಗಿ, ಓರೆಯಾಗಿ ನೋಡಿದರೆ ಕಿಟಕಿಯ ಪ್ರತಿಬಿಂಬ ಮಸುಕಾಗಿ ಕಾಣುವಷ್ಟು ನುಣುಪಾಯಿತು. ಮೆರುಗು ಕೊಡುವುದಕ್ಕಾಗಿ ಅಂಗಡಿಯಲ್ಲಿ ರೋಸಿನ್ ಎಂದು ಕೊಡುವ ರಾಳವನ್ನು ಕರಗಿಸಿ, ಹದಕ್ಕೆ ತಕ್ಕಷ್ಟು ಹರಳೆಣ್ಣೆ ಬೆರೆಸಿ, ಅಡಿಗಾಜಿನ ಮೇಲೆ ಆರು ಮಿ.ಮೀ. ದಪ್ಪಕ್ಕೆ ಎರೆದೆವು. ಇದರ ಹದ ಪಾಕದ ಹದದಂತೆಯೇ ನಾಜೂಕು: ಹೆಬ್ಬೆರಳಿನ ಉಗುರನ್ನು ಒತ್ತಿ ಹಿಡಿದರೆ ನಿಧಾನವಾಗಿ ಗುರುತು ಮೂಡಬೇಕು, ತಟ್ಟಿದರೆ ಚೂರಾಗಬೇಕು. ಎಣ್ಣೆ ಹೆಚ್ಚಾದರೆ ಹರಿದುಹೋಗುತ್ತದೆ, ಕಡಿಮೆಯಾದರೆ ಗಾಜಿಗೆ ಗೀರು ಹಾಕುತ್ತದೆ. ಎರಡು ಸಲ ಕೆಟ್ಟು ಮೂರನೆಯ ಸಲಕ್ಕೆ ಸರಿಹೋಯಿತು. ಬಿಸಿಯಿರುವಾಗಲೇ ಚೌಕ ಚೌಕವಾಗಿ ಕಾಲುವೆ ಕೊಯ್ದು, ಸೀರಿಯಂ ಆಕ್ಸೈಡಿನ ಕೆಂಗಂದು ನೀರು ಹಚ್ಚಿ ಉಜ್ಜಲು ಶುರು ಮಾಡಿದ ಅರ್ಧ ಗಂಟೆಗೇ ಗಾಜಿನ ನಡುಭಾಗ ಹೊಳೆಯತೊಡಗಿತು. ಬಿಟ್ಟುಹೋಗಿದ್ದ ಮಕ್ಕಳೆಲ್ಲ ಆ ಸಂಜೆ ಮರಳಿ ಬಂದರು.

ನಾಲ್ಕು ಗಂಟೆಯ ಮೆರುಗಿನ ನಂತರ ಗಾಜನ್ನು ದೀಪದ ಎದುರು ಹಿಡಿದಾಗ, ಅಂಚಿನ ಸುತ್ತ ಸುಮಾರು ಒಂದು ಬೆರಳಗಲ ಸೂಜಿಮೊನೆಯಂಥ ಚುಕ್ಕೆಗಳು ಮಿನುಗಿದವು. ನುಣುಪು ಕಡಿಮೆಯಾಗಿ ಉಳಿದ ಮಬ್ಬು ಒಂದೇ ಸಮನಾಗಿರುತ್ತದೆ, ಇವು ಬಿಡಿಬಿಡಿಯಾಗಿದ್ದವು. 220ನೇ ನಂಬರಿನ ಹಂತದಲ್ಲಿ ಅಳಿಯದೆ ಉಳಿದ ಗುಳಿಗಳೆಂಬುದರಲ್ಲಿ ಸಂಶಯ ಉಳಿಯಲಿಲ್ಲ. ಮೇಲ್ಗಾಜಿನಲ್ಲಿ ನಡುಭಾಗವೇ ಮೊದಲು ಸವೆಯುವುದರಿಂದ ಅಂಚು ಯಾವಾಗಲೂ ಹಿಂದೆ ಬೀಳುತ್ತದೆ, ಆದ್ದರಿಂದ ಅಂಚನ್ನು ನೋಡದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಮೂರು ವಾರದ ಹಿಂದೆ ಇನ್ನು ಎರಡು ಸಂಜೆ ಉಜ್ಜಿದ್ದರೆ ಹೋಗುತ್ತಿದ್ದ ಗುಳಿಗಳನ್ನು ಈಗ ಮೆರುಗಿನಿಂದ ತೆಗೆಯಬೇಕಾದರೆ ಲೆಕ್ಕವಿಲ್ಲದಷ್ಟು ಹೊತ್ತು ಬೇಕಾಗುತ್ತಿತ್ತು, ಅಷ್ಟರಲ್ಲಿ ಆಕಾರವೂ ಕೆಡುತ್ತಿತ್ತು.

ಹಿಂದಕ್ಕೆ ಹೋಗುವುದೋ, ಹೀಗೆಯೇ ಮುಂದುವರಿಯುವುದೋ ಎಂಬ ಚರ್ಚೆ ಎರಡು ದಿನ ನಡೆಯಿತು. ಚುಕ್ಕೆಗಳಿದ್ದರೂ ದೂರದರ್ಶಕ ಕೆಲಸ ಮಾಡುತ್ತದೆ, ಸ್ವಲ್ಪ ಬೆಳಕು ಚೆದುರಿ ಚಿತ್ರದ ಹಿನ್ನೆಲೆಯ ಕಪ್ಪು ತುಸು ತೆಳುವಾಗುತ್ತದೆ ಅಷ್ಟೇ ಎಂದು ನಾನು ವಾಸ್ತವವನ್ನೇ ಹೇಳಿದೆ. ಹಿಂದಕ್ಕೆ ಹೋಗಲು ಐದು ಜನ ಕೈಯೆತ್ತಿದರು, ಮೂವರು ಬೇಡವೆಂದರು. ಬೇಡವೆಂದವರ ವಾದದಲ್ಲಿಯೂ ಹುರುಳಿತ್ತು, ಡಿಸೆಂಬರ್ ತಪ್ಪಿಹೋದರೆ ಪರೀಕ್ಷೆಯ ಓದು ಶುರುವಾಗಿ ಕೆಲಸ ಅರ್ಧಕ್ಕೇ ನಿಲ್ಲಬಹುದೆಂಬುದು ಅವರ ಆತಂಕ. ನನ್ನ ಮತ ಹಾಕಲಿಲ್ಲ. ಧೂಳೆಂದು ಹೇಳಿದವನು ನಾನು.

ಹಿಂದಕ್ಕೆ ಹೋಗುವುದಕ್ಕೂ ಒಂದು ಅಡ್ಡಿ ಇತ್ತು: ಉಜ್ಜಲು ಬೇಕಾದ ಅಡಿಗಾಜಿನ ಮೇಲೆಯೇ ರಾಳ ಅಂಟಿಕೊಂಡಿತ್ತು. ಮೆರುಗಿಗಾಗಿ ಬೇರೊಂದು ಪ್ಲಾಸ್ಟರ್ ಬಿಲ್ಲೆಯನ್ನು ಎರೆದುಕೊಂಡಿದ್ದರೆ ಈ ಪಾಡು ಬರುತ್ತಿರಲಿಲ್ಲ, ಯಾರಾದರೂ ಈ ಕೆಲಸಕ್ಕೆ ಕೈ ಹಾಕುವವರಿದ್ದರೆ ಇದೊಂದನ್ನು ಗಮನಿಸಲಿ. ರಾಳ ತಣ್ಣಗಾದಷ್ಟೂ ಗಡಸಾಗಿ ಒಡೆಯುತ್ತದೆಂಬ ತಿಳಿವಳಿಕೆಯಿಂದ, ಬಸ್ ನಿಲ್ದಾಣದ ಹತ್ತಿರದ ಬೇಕರಿಯವರನ್ನು ಕೇಳಿಕೊಂಡು ಅಡಿಗಾಜನ್ನು ಒಂದು ರಾತ್ರಿ ಅವರ ಐಸ್‌ಕ್ರೀಮ್ ಫ್ರೀಜರಿನಲ್ಲಿಟ್ಟೆವು. ಬೆಳಿಗ್ಗೆ ಮರದ ಉಳಿಹಿಡಿಯಿಂದ ಮೆಲ್ಲಗೆ ತಟ್ಟಿದರೆ ರಾಳ ಚಿಕ್ಕಿಯಂತೆ ಚೂರುಚೂರಾಗಿ ಎದ್ದುಬಂತು. ದಸರಾ ರಜೆ ಕಳೆದು ಶಾಲೆ ತೆರೆದ ಮೇಲೆ ಮತ್ತೆ 220ರಿಂದ ಆರಂಭಿಸಿ, ಈ ಸಲ ಪ್ರತಿ ಹಂತದಲ್ಲೂ ಇಬ್ಬರು ಬೇರೆ ಬೇರೆಯಾಗಿ ಅಂಚನ್ನು ನೋಡಿ ಸಹಿ ಹಾಕಬೇಕು, ಇಬ್ಬರಲ್ಲಿ ಒಬ್ಬರು ಆ ದಿನ ಉಜ್ಜದವರಾಗಿರಬೇಕು ಎಂಬ ನಿಯಮವನ್ನು ಮಕ್ಕಳೇ ಮಾಡಿಕೊಂಡರು. ನನ್ನ ಸಹಿಗೆ ಅದರಲ್ಲಿ ಜಾಗ ಇಟ್ಟಿರಲಿಲ್ಲ. ನವೆಂಬರ್ ನಡುವಿನ ಹೊತ್ತಿಗೆ ಎರಡನೆಯ ಸಲದ ಮೆರುಗು ಮುಗಿಯಿತು, ಅಂಚು ತಿಳಿಯಾಗಿತ್ತು.

ಬ್ಲೇಡಿನ ಪರೀಕ್ಷೆ

ಹೊಳೆಯುವ ಕನ್ನಡಿಯ ಆಕಾರ ಸರಿಯಿದೆಯೇ ಎಂದು ಯಾವ ಅಳತೆಪಟ್ಟಿಯಿಂದಲೂ ತಿಳಿಯಲು ಬರುವುದಿಲ್ಲ. ಫ್ರಾನ್ಸಿನ ಲಿಯಾನ್ ಫುಕೋ 1858ರಲ್ಲಿ ಕಂಡುಹಿಡಿದ ಸರಳ ಉಪಾಯವೇ ಇಂದಿಗೂ ಹವ್ಯಾಸಿಗಳ ಆಧಾರ. ಕನ್ನಡಿಯ ವಕ್ರತಾ ಕೇಂದ್ರದಲ್ಲಿ ಸಣ್ಣ ಬೆಳಕೊಂದನ್ನು ಇಟ್ಟರೆ ಅದರ ಬಿಂಬ ಪಕ್ಕದಲ್ಲಿಯೇ ಮೂಡುತ್ತದೆ. ಆ ಬಿಂಬವನ್ನು ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕತ್ತರಿಸುತ್ತ ಹಿಂದಿನಿಂದ ನೋಡಿದರೆ, ನಿಖರವಾದ ಗೋಳವಾಗಿದ್ದಲ್ಲಿ ಇಡೀ ಕನ್ನಡಿ ಒಮ್ಮೆಗೇ ಸಮನಾಗಿ ಕಪ್ಪಾಗುತ್ತದೆ. ಎಲ್ಲಿ ಏರುತಗ್ಗು ಇದೆಯೋ ಅಲ್ಲಿ ನೆರಳು ಮೂಡಿ, ಓರೆಬಿಸಿಲಿನಲ್ಲಿ ಗದ್ದೆಯ ಬದುಗಳು ಎದ್ದು ಕಾಣುವಂತೆ ಕಾಣುತ್ತದೆ. ಒಂದು ಎಲ್‌ಇಡಿ, ಅರ್ಧ ಮುರಿದ ಶೇವಿಂಗ್ ಬ್ಲೇಡ್, ಮರದ ಎರಡು ತುಂಡು, ಹಿಂದೆ ಮುಂದೆ ಸರಿಸಲು ಆರು ಮಿ.ಮೀ. ಬೋಲ್ಟ್, ಇಷ್ಟೇ ನಮ್ಮ ಉಪಕರಣ. ಆ ಬೋಲ್ಟನ್ನು ಒಂದು ಸುತ್ತು ತಿರುಗಿಸಿದರೆ ಸರಿಯಾಗಿ ಒಂದು ಮಿ.ಮೀ. ಸರಿಯುತ್ತದೆ, ಆದ್ದರಿಂದ ಬೇರೆ ಮೈಕ್ರೊಮೀಟರ್ ಕೊಳ್ಳಬೇಕಾಗಲಿಲ್ಲ.

ಪರೀಕ್ಷೆಯನ್ನು ರಾತ್ರಿ ಎಂಟರ ನಂತರ, ಬಾಗಿಲು ಮುಚ್ಚಿದ ಉಗ್ರಾಣದಲ್ಲಿ, ಪೋಷಕರನ್ನು ಒಪ್ಪಿಸಿ ನಾಲ್ಕು ನಾಲ್ಕು ಮಕ್ಕಳಂತೆ ಮಾಡಿದೆವು. ಗಾಳಿ ಅಲುಗಿದರೂ ಕನ್ನಡಿಯ ಮೇಲೆ ಹೊಗೆ ಸುಳಿದಂತೆ ಕಾಣುತ್ತಿತ್ತು. ಒಬ್ಬ ಹುಡುಗ ಕನ್ನಡಿಯ ಮೇಲೆ ಹೆಬ್ಬೆರಳನ್ನು ಅರ್ಧ ನಿಮಿಷ ಇಟ್ಟು ತೆಗೆದ. ಬ್ಲೇಡಿನ ಹಿಂದೆ ಕಣ್ಣಿಟ್ಟಿದ್ದವಳು "ಗುಡ್ಡ ಎದ್ದಿದೆ ಸರ್!" ಎಂದು ಕೂಗಿದಳು. ಬೆರಳಿನ ಬಿಸಿಗೆ ಗಾಜು ಅಷ್ಟು ಜಾಗದಲ್ಲಿ ಹಿಗ್ಗಿ, ನಿಜವಾಗಿಯೂ ಹೆಬ್ಬೆರಳಿನ ಆಕಾರದ ಗುಡ್ಡವೊಂದು ಎದ್ದು, ಕೆಲವು ನಿಮಿಷಗಳಲ್ಲಿ ಕರಗಿಹೋಯಿತು. ಉಷ್ಣದಿಂದ ಘನವಸ್ತುಗಳ ಹಿಗ್ಗುವಿಕೆಯನ್ನು ಚೆಂಡು ಮತ್ತು ಬಳೆಯ ಪ್ರಯೋಗದಲ್ಲಿ ತೋರಿಸುತ್ತ ಬಂದ ನನಗೆ ಇದು ಹೊಸ ಅನುಭವ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಉಜ್ಜಿ ನುಣುಪಾಗಿಸಿ, 1986ರಲ್ಲಿ ಸಮರ್ಪಣೆಯಾದ ಕಾವಲೂರಿನ ವೈಣು ಬಪ್ಪು ದೂರದರ್ಶಕದ ಕನ್ನಡಿಯ ವ್ಯಾಸ 2.34 ಮೀಟರ್; ಅಷ್ಟಗಲದ ಗಾಜನ್ನು ಇದೇ ಬಗೆಯ ನಿಖರತೆಗೆ ತಂದವರ ತಾಳ್ಮೆ ಎಂಥದಿರಬೇಕೆಂದು ಆ ರಾತ್ರಿ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ನಮ್ಮ ಕನ್ನಡಿಯ ಆಕಾರ ಹೆಚ್ಚುಕಡಿಮೆ ಗೋಳವಾಗಿತ್ತು, ವಕ್ರತಾ ತ್ರಿಜ್ಯ 2,430 ಮಿ.ಮೀ. ಎಂದರೆ ಸಂಗಮದೂರ 1,215 ಮಿ.ಮೀ. ಬಂತು. ಆದರೆ ಅಂಚಿನಲ್ಲಿ ಸುಮಾರು ಮೂರು ಮಿ.ಮೀ. ಅಗಲದ ಪಟ್ಟಿ ಹೊರಕ್ಕೆ ಜಾರಿತ್ತು. ಮೆತ್ತಗಿನ ರಾಳದ ಮೇಲೆ ಒತ್ತಿ ಉಜ್ಜಿದರೆ ಬರುವ ಸಾಮಾನ್ಯ ದೋಷವಿದು, ಪೂರ್ತಿ ತೆಗೆಯಬೇಕಾದರೆ ಮತ್ತೆ ನುಣುಪು ಪುಡಿಗೆ ಹಿಂದಿರುಗಬೇಕು. ಗುಳಿಗಳ ವಿಷಯದಲ್ಲಿ ಹಿಂದಕ್ಕೆ ಹೋದ ನಾವು ಇಲ್ಲಿ ಹೋಗಲಿಲ್ಲ. ಆ ಮೂರು ಮಿ.ಮೀ. ಪಟ್ಟಿಯನ್ನು ಕಪ್ಪು ಕಾಗದದ ಉಂಗುರದಿಂದ ಮುಚ್ಚಿದರೆ ವ್ಯಾಸ 144 ಮಿ.ಮೀ.ಗೆ ಇಳಿದು ಶೇ. 8ರಷ್ಟು ಬೆಳಕು ನಷ್ಟವಾಗುತ್ತದೆ, ಉಳಿದ ಭಾಗದ ಚಿತ್ರ ಕೆಡುವುದಿಲ್ಲ. ನಷ್ಟವನ್ನು ಹೀಗೆ ಅಂಕಿಯಲ್ಲಿ ಹೇಳಲು ಬಂದದ್ದರಿಂದ ಒಪ್ಪಿಕೊಳ್ಳುವುದು ಸುಲಭವಾಯಿತು. ಗುಳಿಗಳ ವಿಷಯದಲ್ಲಿ ನಷ್ಟ ಎಷ್ಟೆಂದು ಹೇಳುವ ಲೆಕ್ಕ ನಮ್ಮಲ್ಲಿರಲಿಲ್ಲ, ಬೇಜವಾಬ್ದಾರಿಯ ಗುರುತು ಕಣ್ಣಿಗೆ ಹೊಡೆಯುತ್ತಿತ್ತು. ಪರವಲಯದ ಕಡೆಗೆ ಸ್ವಲ್ಪ ಎಳೆಯಲು ಉದ್ದುದ್ದ ಚಲನೆಯಲ್ಲಿ ಐದೈದು ನಿಮಿಷದಂತೆ ಮೂರು ಸಲ ಉಜ್ಜಿ, ಪ್ರತಿ ಸಲವೂ ಗಾಜು ತಣಿಯಲು ಬಿಟ್ಟು ಪರೀಕ್ಷಿಸಿ, ಮೂರನೆಯದರ ನಂತರ ನಿಲ್ಲಿಸಿದೆವು. ಇನ್ನೊಂದು ಸಲ ಎಂದು ಮಕ್ಕಳು ಬೇಡಿದರು. ಅದುವರೆಗಿನ ಎಲ್ಲ ಹಂತಗಳಲ್ಲಿ ಬೇಗ ಮುಗಿಸುವ ಆತುರ ಅಪಾಯಕಾರಿಯಾಗಿತ್ತು, ಈ ಒಂದು ಹಂತದಲ್ಲಿ ಮಾತ್ರ ಮುಗಿಸದೆ ಇರುವ ಆಸೆ ಅಪಾಯಕಾರಿ, ಏಕೆಂದರೆ ಹೆಚ್ಚಾಗಿ ಹೋದ ಗಾಜನ್ನು ಮತ್ತೆ ಹಚ್ಚಲು ಬರುವುದಿಲ್ಲ.

ಉಳಿದ ಕೆಲಸ

ಇನ್ನುಳಿದದ್ದೆಲ್ಲ ಮೂರು ವಾರದಲ್ಲಿ ಮುಗಿಯಿತು, ಹೇಳುವುದೂ ಹೆಚ್ಚಿಲ್ಲ. ಕನ್ನಡಿಯನ್ನು ಹತ್ತಿಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿಯಲ್ಲಿಟ್ಟು ನಾನೇ ಬೆಂಗಳೂರಿಗೆ ಒಯ್ದು, ನಿರ್ವಾತದಲ್ಲಿ ಅಲ್ಯೂಮಿನಿಯಂ ಲೇಪನ ಮಾಡಿಸಿ ತಂದೆ. ಬೆಳಕನ್ನು ಬದಿಗೆ ತಿರುಗಿಸಲು ಓರೆಯಾಗಿ ಕೂರಿಸುವ ಚಿಕ್ಕ ಕನ್ನಡಿ ಮತ್ತು ಎರಡು ನೇತ್ರಮಸೂರಗಳನ್ನು ಕೊಂಡೆವು, ಅವನ್ನು ಶಾಲೆಯಲ್ಲಿ ತಯಾರಿಸುವ ಯೋಚನೆ ಮೊದಲಿನಿಂದಲೂ ಇರಲಿಲ್ಲ.

ಕನ್ನಡಿಗಳನ್ನು ಕೂರಿಸುವ ಉದ್ದನೆಯ ಪೆಟ್ಟಿಗೆಯ ವಿಷಯದಲ್ಲಿ ಒಂದು ಮಾತು ದಾಖಲಾಗಬೇಕು. ಊರಿನ ಬಡಗಿ ಆಚಾರ್ರು ಜುಲೈಯಲ್ಲಿಯೇ ಪ್ಲೈವುಡ್ ಕೊಯ್ದುಕೊಡಲು ಸಿದ್ಧರಿದ್ದರು. "ಅಳತೆ ಹೇಳಿ ಮೇಷ್ಟ್ರೇ, ಮಳೆಗಾಲದಲ್ಲಿ ನನಗೂ ಕೆಲಸ ಕಮ್ಮಿ" ಎಂದು ಎರಡು ಸಲ ಕೇಳಿದ್ದರು. ಸಂಗಮದೂರ ಖಚಿತವಾಗುವವರೆಗೆ ಕೊಯ್ಯಬಾರದೆಂದು ತಡೆದದ್ದು ನಾನು ಈ ಕೆಲಸದಲ್ಲಿ ತೆಗೆದುಕೊಂಡ ಕೆಲವೇ ಸರಿಯಾದ ನಿರ್ಧಾರಗಳಲ್ಲಿ ಒಂದು. ಪೆಟ್ಟಿಗೆಯ ಒಳ ಅಗಲದ ಅರ್ಧ 95, ನೇತ್ರಮಸೂರದ ಕೊಳವೆಗೆ 75, ಹೊಂದಿಸಿಕೊಳ್ಳಲು 10, ಒಟ್ಟು 180 ಮಿ.ಮೀ.ಯನ್ನು 1,215ರಿಂದ ಕಳೆದು, ಕನ್ನಡಿಯಿಂದ 1,035 ಮಿ.ಮೀ. ಎತ್ತರದಲ್ಲಿ ರಂಧ್ರ ಕೊರೆಸಿದೆವು. ಯೋಜನೆಯ 1,200ರ ಲೆಕ್ಕದಲ್ಲಿ ಕೊರೆಸಿದ್ದರೆ ನಾವು ಬಿಟ್ಟುಕೊಂಡಿದ್ದ ಹತ್ತು ಮಿ.ಮೀ. ಸಾಲದೆ, ರಂಧ್ರ ಮುಚ್ಚಿ ಇನ್ನೊಂದು ಕೊರೆಯಬೇಕಾಗುತ್ತಿತ್ತು.

ಪೀಠಕ್ಕೆ ಜಾನ್ ಡಾಬ್ಸನ್ ರೂಢಿಗೆ ತಂದ ಮಾದರಿಯನ್ನು ಅನುಸರಿಸಿದೆವು. ಸ್ಯಾನ್‌ಫ್ರಾನ್ಸಿಸ್ಕೋದ ರಾಮಕೃಷ್ಣ ಪರಂಪರೆಯ ವೇದಾಂತ ಮಠವನ್ನು 1944ರಲ್ಲಿ ಸೇರಿ 1967ರವರೆಗೆ ಆ ಪರಂಪರೆಯ ಸಂನ್ಯಾಸಿಯಾಗಿದ್ದ ಈತ, ಸಿಕ್ಕ ಗಾಜಿನ ಚೂರುಗಳಿಂದ ದೂರದರ್ಶಕ ಮಾಡಿ ಬೀದಿಯಲ್ಲಿ ಜನರಿಗೆ ಆಕಾಶ ತೋರಿಸುವ ಗೀಳಿನಿಂದಲೇ ಮಠ ಬಿಡಬೇಕಾಯಿತು. ಸನ್‌ಮೈಕಾ ಹಾಳೆಯ ಮೇಲೆ ಟೆಫ್ಲಾನ್ ತುಣುಕು ಜಾರುವಂತೆ ಕೂರಿಸಿದ ಆತನ ಪೀಠಕ್ಕೆ ಬಡಗಿಯ ಕೈಚಳಕ ಬಿಟ್ಟರೆ ಬೇರೆ ಯಂತ್ರ ಬೇಡ. ಆಚಾರ್ರು ಒಂದು ಭಾನುವಾರದಲ್ಲಿ ಮುಗಿಸಿಕೊಟ್ಟು, ಎರಡೂ ಬದಿಗೆ ಕೇಳದೆಯೇ ಹಿಡಿಕೆ ಹಾಕಿದ್ದರು. ನಮ್ಮ ನಕ್ಷೆಯಲ್ಲಿ ಇಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಭಾಗ ಅದೇ.

2025ರ ಜನವರಿ ಮೊದಲ ವಾರದ ಒಂದು ಸಂಜೆ ಮೈದಾನದಲ್ಲಿ ಅದನ್ನು ನಿಲ್ಲಿಸಿದಾಗ ಪಶ್ಚಿಮದಲ್ಲಿ ಶುಕ್ರ ಹೆಚ್ಚುಕಡಿಮೆ ಅರ್ಧಚಂದ್ರನಂತೆ ಕಂಡಿತು. ಅದರ ಮೇಲೆ ಶನಿಯ ಬಳೆ ಆ ವರ್ಷ ಓರೆ ಕಡಿಮೆಯಾಗಿ ತೆಳ್ಳಗೆ ನೂಲಿನಂತಿತ್ತು. ಬಳೆಯೆಂದರೆ ಪುಸ್ತಕದ ಚಿತ್ರದಂತಿರಬೇಕೆಂದುಕೊಂಡಿದ್ದ ಇಬ್ಬರಿಗೆ ನಿರಾಸೆಯಾಯಿತು. 120 ಪಟ್ಟಿನ ಹಿಗ್ಗುವಿಕೆಯಲ್ಲಿ ಗುರುವಿನ ಎರಡು ಕಂದು ಪಟ್ಟಿಗಳು ಸ್ಪಷ್ಟವಾಗಿದ್ದವು. ಮಕ್ಕಳ ಮನೆಯವರು, ಬಿಸಿಯೂಟದ ಅಕ್ಕ, ಆಚಾರ್ರು ಸಾಲಾಗಿ ನಿಂತು ನೋಡುತ್ತಿದ್ದಾಗ ಮಂಜು ಬೀಳತೊಡಗಿ ಒಂಬತ್ತು ಗಂಟೆಗೆ ಕನ್ನಡಿ ಮಸುಕಾಯಿತು. ಪೆಟ್ಟಿಗೆಯ ಬಾಯಿಗೆ ಇನ್ನೊಂದು ಅಡಿ ರಟ್ಟು ಸುತ್ತಬೇಕೆಂದು ನೋಟ್‌ಬುಕ್ಕಿನಲ್ಲಿ ಆ ರಾತ್ರಿಯೇ ಬರೆದಿದ್ದಾರೆ.

ಜನ ಚದುರುವ ಮುಂಚೆ ಗಿರಣಿ ಮನೆಯ ಹುಡುಗಿ ಒಂದು ಕೆಲಸ ಮಾಡಿದಳು. ರೋಹಿಣಿ ನಕ್ಷತ್ರವನ್ನು ಹಿಡಿದು, ನೇತ್ರಮಸೂರವನ್ನು ಬೇಕೆಂದೇ ಒಳಕ್ಕೂ ಹೊರಕ್ಕೂ ಸರಿಸಿ, ಹಿಗ್ಗಿದ ಚುಕ್ಕೆಯ ಉಂಗುರಗಳು ಎರಡೂ ಕಡೆ ಒಂದೇ ಬಗೆಯಾಗಿವೆಯೇ ಎಂದು ಹೋಲಿಸಿದಳು. ಕಪ್ಪು ಉಂಗುರವನ್ನು ತೆಗೆದು ಮತ್ತೊಮ್ಮೆ ನೋಡಿದಳು. ಜಾರಿದ ಅಂಚು ಬೆಳಕಿಗೆ ಬಂದ ಕೂಡಲೇ ಒಂದು ಕಡೆಯ ಉಂಗುರಗಳ ಹೊರಗೆರೆ ಕೂದಲು ಕೆದರಿದಂತಾಯಿತು. ಉಂಗುರವನ್ನು ಸ್ವಸ್ಥಾನದಲ್ಲಿಟ್ಟು, "ಮುಂದಿನ ಸಲ ರಾಳ ಇನ್ನೂ ಸ್ವಲ್ಪ ಗಟ್ಟಿ ಮಾಡೋಣ ಸರ್" ಎಂದಳು.